ನಮ್ಮ ದೋಣಿಯ ಅಮಲ್ದಾರ

ನನ್ನ ಮದುವೆಯ ಸೀರೆ ಹೊದ್ದುಕೊಂಡು ದೋಣಿಯ ನಡುವೆ ಏನೋ ನಿಂತಿತ್ತು. ನನ್ನಷ್ಟು ಎತ್ತರ ಇರಲಿಲ್ಲ, ಆದರೆ ನನಗಿಂತ ದಪ್ಪವಿತ್ತು. ಅದರ ಪಕ್ಕದಲ್ಲಿ ನಮ್ಮವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಿಂತಿದ್ದರು. ಆ ಅಂಗಿ ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ನಮ್ಮವರು ಇಸ್ತ್ರಿ ಅಂಗಿ ಹಾಕುವುದು ಮದುವೆ ಮನೆಗೆ ಹೋಗುವಾಗ, ಇಲ್ಲವೇ ಹೊಸ ಯಂತ್ರ ಹುಟ್ಟಿದಾಗ. ಆ ದಿನ ನಮ್ಮೂರು ಪಡುಕಡವಿನಲ್ಲಿ ಯಾರ ಮದುವೆಯೂ ಇರಲಿಲ್ಲ.

“ವಾರಿಜಾ, ಸೀರೆ ಎಳಿ” ಎಂದರು.

“ನನ್ನ ಸೀರೆ ನಾನೇ ಎಳೆಯುದಾ?”

“ಉದ್ಘಾಟನೆ ಮಾರಾಯ್ತಿ. ಇದಕ್ಕೆಲ್ಲ ಹೆಂಗಸರ ಕೈ ಬೇಕು.”

ಎಳೆದೆ. ಮೀನು ಹುಡುಕುವ ಹಳೆಯ ಯಂತ್ರದ ಡಬ್ಬ. ಅದರ ಮೇಲೆ ಎರಡು ಕ್ಯಾಮೆರಾ ಕಣ್ಣು. ಎದುರಿಗೆ ವ್ಯಾಕ್ಯೂಮ್ ಕ್ಲೀನರಿನದೊಂದು ಮೂಗು. ಬಾಯಿಯ ಜಾಗದಲ್ಲಿ ನಾಟಕದವರು ಬಿಟ್ಟುಹೋದ ಧ್ವನಿವರ್ಧಕ. ನಾವು ಹೊಳೆಯ ಮರಳು, ಅಂದರೆ ಹೊಯ್ಗೆ, ತೆಗೆಯುತ್ತಿದ್ದ ಕಾಲದ ಪಂಪಿನ ಪೈಪು ಬದಿಯಿಂದ ಕೈಯ ಹಾಗೆ ಚಾಚಿಕೊಂಡಿತ್ತು. ನಮ್ಮವರ ಹೆಸರು ಐತಪ್ಪ. ಮೂವತ್ತು ವರ್ಷ ಬೋಟಿನ ಇಂಜಿನು ರಿಪೇರಿ ಮಾಡಿದವರು. ಇಂಜಿನುಗಳು ಅವರ ಮಾತು ಕೇಳುತ್ತವೆ. ಅವರೇ ಹುಟ್ಟಿಸಿದ ಯಂತ್ರಗಳು ಮಾತ್ರ ಕೇಳುವುದಿಲ್ಲ. ಕಳೆದ ವರ್ಷ ಮೀನಿನ ಹುರುಪೆ ತೆಗೆಯುವ ಯಂತ್ರ ಮಾಡಿದ್ದರು. ಅದು ಮೀನನ್ನು ಬಿಟ್ಟು ನಮ್ಮ ಅಡುಗೆಮನೆಯ ಬಾಗಿಲಿನ ಬಣ್ಣ ಪೂರ್ತಿ ತೆಗೆಯಿತು. ಬಾಗಿಲಿಗೆ ಈಗಲೂ ಬಣ್ಣ ಇಲ್ಲ.

“ಇವನ ಹೆಸರು ಅಮಲ್ದಾರ” ಎಂದರು ನಮ್ಮವರು. “ಹಿಂದೆ ಮೈಸೂರು ಕಡೆ ತಾಲೂಕಿಗೊಬ್ಬ ಅಮಲ್ದಾರ ಇದ್ದನಲ್ಲ, ಹಾಗೆ. ಕಾನೂನು ನಡೆಸುವವ. ಕುಡಿದವರ ಅಮಲು ಇಳಿಸುವುದೂ ಇವನೇ. ಒಂದೇ ಹೆಸರು, ಎರಡು ಕೆಲಸ.”

“ಸಂಬಳ?”

“ಕರೆಂಟು ಮಾತ್ರ.”

ಇಲ್ಲಿ ನಮ್ಮ ಕಷ್ಟ ಸ್ವಲ್ಪ ಹೇಳಬೇಕು. ಗಂಗಾಪ್ರಸಾದ ನಮ್ಮ ಮಾವನ ಕಾಲದ ದೋಣಿ. ಅದರಲ್ಲಿ ಹೊಯ್ಗೆ ಸಾಗಿಸುತ್ತಿದ್ದೆವು. ಹೊಯ್ಗೆ ತೆಗೆಯುವುದು ನಿಂತ ಮೇಲೆ ದೋಣಿ ನಾಲ್ಕು ವರ್ಷ ಸುಮ್ಮನೆ ಬಿದ್ದಿತ್ತು. ಕೇರಳದ ಒಬ್ಬ ಗುಜರಿಯವ ಎರಡು ಸಲ ಬಂದು ಅದರ ಹಲಗೆ ಬಡಿದು ನೋಡಿ ಹೋದ. ಅವನು ಬಡಿದದ್ದು ನನ್ನ ಎದೆಗೇ ತಾಗಿತು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಬಿದಿರ ಜಲ್ಲೆ ಹಾಕಿ ದೋಣಿ ನಡೆಸಲು ಕಲಿತದ್ದು ಅದರಲ್ಲೇ. ಹಾಗಾಗಿ ಹೊಳೆಯ ನಡುವೆ ಲಂಗರು ಹಾಕಿ ನಿಲ್ಲಿಸಿ ಮೀನೂಟದ ಹೋಟೆಲು ಮಾಡಿದೆ. ಜನ ಬಂದರು, ಬಂಗುಡೆ ತಿಂದರು, ನೀರು ನೋಡಿದರು, ಕೊನೆಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕಾ, ತಣ್ಣಗಿನದ್ದು ಎಂತದೂ ಇಲ್ವಾ?” ಪುನರ್ಪುಳಿ ಶರಬತ್ತು ತಣ್ಣಗಿದೆ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಮರುವಾರ ಅವರು ದಡದ ಬಾರಿನಲ್ಲಿರುತ್ತಿದ್ದರು.

ಬಿಯರಿನ ಪರವಾನಗಿಗೆ ಮೂರು ಸಲ ಅರ್ಜಿ ಹಾಕಿದೆ, ಮೂರು ಸಲವೂ ವಾಪಸು ಬಂತು. ಮೊದಲ ಸಲ, ದೋಣಿ ಎಂದರೆ ವಾಹನ, ವಾಹನದಲ್ಲಿ ಕುಡಿಯುವಂತಿಲ್ಲ ಎಂದರು. ಎರಡನೇ ಸಲ, ಲಂಗರು ಹಾಕಿದ್ದರೆ ಅದು ವಾಹನವಲ್ಲ, ಕಟ್ಟಡ, ಕಟ್ಟಡಕ್ಕೆ ಮನೆ ನಂಬರು ಎಲ್ಲಿ ಎಂದರು. ಮೂರನೇ ಸಲ ಕಾರಣವನ್ನೇ ಬರೆದಿರಲಿಲ್ಲ. ಅಷ್ಟರಲ್ಲಿ ಲಂಗರು ಹಾಕಿದ ದೋಣಿಗಳಿಗೆಂದೇ ಹೊಸ ನಿಯಮ ಬಂತು, ನಾಲ್ಕನೇ ಅರ್ಜಿ ಹಾಕಿದೆ. ಅಬಕಾರಿ ಇನ್ಸ್‌ಪೆಕ್ಟರು ಗುರುವಾರ ಖುದ್ದಾಗಿ ತಪಾಸಣೆಗೆ ಬರುತ್ತೇನೆಂದು ತಿಳಿಸಿದ್ದರು. ಈ ಸಲ ಇಲ್ಲ ಎಂದರೆ ಮುಗಿಯಿತು. ಗುಜರಿಯವ ಶುಕ್ರವಾರ ಫೋನು ಮಾಡುತ್ತೇನೆಂದು ಹೇಳಿಯೇ ಹೋಗಿದ್ದ.

“ನಿಯಮ ಪುಸ್ತಕ ಪೂರ್ತಿ ಇವನ ತಲೆಗೆ ತುಂಬಿಸಿದ್ದೇನೆ” ಎಂದರು ನಮ್ಮವರು. “ಲಂಗರು ಎತ್ತುವ ರಾಟೆ, ಬಾಟಲಿ ಕಪಾಟಿನ ಬೀಗ, ಇಂಜಿನು, ದೋಣಿಯ ಗೇಟು, ಬೀಗ ಇರುವ ಎಲ್ಲವೂ ಇವನ ಕೈಯಲ್ಲಿ. ದೋಣಿ ಜಾಗ ಬಿಟ್ಟು ಹಂದಿದರೆ ಕಪಾಟು ಬಂದ್. ಭಜನಾ ಮಂದಿರದಿಂದ ನೂರು ಮೀಟರಿನ ಒಳಗೆ ಬಂದರೆ ಬಂದ್. ಯಾರಿಗಾದರೂ ಅಮಲು ಏರಿದರೆ ತಲೆಗೆ ತಣ್ಣೀರು. ಇನ್ಸ್‌ಪೆಕ್ಟರಿಗೆ ಬೇರೆ ಕೆಲಸವೇ ಇಲ್ಲ, ಸಹಿ ಹಾಕಿ ಬಂಗುಡೆ ತಿಂದು ಹೋಗುದು.”

ಸ್ವಿಚ್ಚು ಒತ್ತಿದರು. ಧ್ವನಿವರ್ಧಕ ಕೆಮ್ಮಿತು.

“ಸದರಿ ದೋಣಿಯಲ್ಲಿ ಎಲ್ಲರೂ ಶಿಸ್ತಿನಿಂದ ಇರತಕ್ಕದ್ದು” ಎಂದಿತು ಅಮಲ್ದಾರ.

“ಇದು ಎಂತ, ಗೆಜೆಟ್ ಓದಿದ ಹಾಗೆ ಮಾತಾಡ್ತದೆ?”

“ಓದಿದ್ದೇ ಗೆಜೆಟ್ ಮಾತ್ರ. ಮತ್ತೆಂತ, ಯಕ್ಷಗಾನದ ಹಾಗೆ ಮಾತಾಡಲಿಕ್ಕಾಗ್ತದಾ?”

ಮೂಲೆಯಲ್ಲಿ ಅತ್ತೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಮಲ್ದಾರನ ಮೂಗು ನಿಧಾನವಾಗಿ ಆ ಕಡೆ ತಿರುಗಿತು. ಎರಡು ಸಲ ಮೂಸಿತು.

“ಸದರಿ ವೃದ್ಧೆಯು ಅಮಲಿನಲ್ಲಿರುತ್ತಾರೆ.”

ಅತ್ತೆಗೆ ಎಪ್ಪತ್ತೆಂಟು. ಊಟವಾದ ಮೇಲೆ ದಿನವೂ ನಾಲ್ಕು ಮುಚ್ಚಳ ದಶಮೂಲಾರಿಷ್ಟ ಕುಡಿಯುತ್ತಾರೆ, ಮೊಣಕಾಲಿಗೆಂದು. ಅರಿಷ್ಟದೊಳಗೆ ಏನಿರುತ್ತದೆ ಎಂದು ಗೊತ್ತಿದ್ದೂ ನಾವು ಯಾರೂ ಬಾಯಿ ಬಿಟ್ಟಿರಲಿಲ್ಲ. ಪೈಪು ಎದ್ದಿತು. ನಾನು “ಅಯ್ಯೋ” ಎನ್ನುವುದರೊಳಗೆ ಒಂದು ಕೊಡಪಾನ ಹೊಳೆನೀರು ಅತ್ತೆಯ ತಲೆಯ ಮೇಲಿತ್ತು.

ಅತ್ತೆ ಎದ್ದು ಸೆರಗು ಹಿಂಡಿದರು. ಪೊರಕೆ ತೆಗೆದುಕೊಂಡು ಅಮಲ್ದಾರನ ಮೂಗಿಗೆ ನಾಲ್ಕು ಬಿಟ್ಟರು. “ನನ್ನ ಗಂಡ ಬದುಕಿದ್ದಾಗಲೂ ನನಗೆ ಕುಡುಕಿ ಅಂತ ಹೇಳ್ಲಿಲ್ಲ. ನೀನು ಯಾರಾ?”

“ನಾನು ಅಮಲ್ದಾರ” ಎಂದಿತು ಅದು.

ಅವತ್ತು ಸಂಜೆಯೊಳಗೆ ಅದು ಸನ್ನ ಬೇಯಿಸುವ ಅಟ್ಟಕ್ಕೂ ಬೀಗ ಹಾಕಿತು. ನಮ್ಮಲ್ಲಿ ಸನ್ನ ಮಾಡುವಾಗ ಹಿಟ್ಟು ಉಬ್ಬಲೆಂದು ಕಳ್ಳು ಹಾಕುತ್ತೇವಲ್ಲ, ಅದರ ವಾಸನೆ ಹಿಡಿದು “ಸದರಿ ಇಡ್ಲಿಗಳು ಅಮಲಿನಲ್ಲಿರುತ್ತವೆ” ಎಂದು ನಲವತ್ತು ಸನ್ನಗಳಿಗೆ ಸ್ನಾನ ಮಾಡಿಸಿತು. ನಾನು ನಮ್ಮವರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಅವರು ಮೂಗಿನ ಸ್ಕ್ರೂ ಎರಡು ಸುತ್ತು ಸಡಿಲ ಮಾಡಿ, ಇನ್ನು ಅಡ್ಡಿಯಿಲ್ಲ ಎಂದರು. ಗಂಡ ಅಡ್ಡಿಯಿಲ್ಲ ಎಂದ ಮಾತನ್ನು ನಂಬಿದ್ದು ನನ್ನದೇ ತಪ್ಪು.

ಗುರುವಾರ ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರು ಕಡವಿಗೆ ಬಂದರು. ಘಟ್ಟದ ಮೇಲಿನವರು, ಬಯಲುಸೀಮೆಯ ಕಡೆಯಿಂದ ವರ್ಗವಾಗಿ ಬಂದು ತಿಂಗಳಾಗಿತ್ತಷ್ಟೆ. ಹೆಸರು ಗುರುಪಾದಪ್ಪ ಉಳ್ಳಾಗಡ್ಡಿ. ಕಂಕುಳಲ್ಲಿ ನಿಯಮ ಪುಸ್ತಕ, ಕೈಯಲ್ಲಿ ಚರ್ಮದ ಚೀಲ. ನಾನು ಸಣ್ಣ ಪಾತಿದೋಣಿಯಲ್ಲಿ ಅವರನ್ನು ಕೂರಿಸಿಕೊಂಡು ಜಲ್ಲೆ ಹಾಕಿದೆ. ಅವರು ಎರಡೂ ಕೈಯಲ್ಲಿ ಅಂಚು ಹಿಡಿದು ಕಣ್ಣು ಮುಚ್ಚಿದರು.

“ಯಮ್ಮಾ, ಇದು ಅಳ್ಳಾಡತೈತಲ್ರಿ?”

“ನೀರಿನ ಮೇಲೆ ಉಂಟಲ್ಲ ಸಾರ್, ಹಾಗೆ.”

“ನನಗ ಈಸಾಕ ಬರಂಗಿಲ್ಲ, ಮೊದಲ ಹೇಳೇನಿ. ನಮ್ಮೂರಾಗ ಬಾವಿ ಸೈತ ಮೊಣಕಾಲುದ್ದ.”

ಗಂಗಾಪ್ರಸಾದ ಹತ್ತಿದ ಮೇಲೆ ಅವರ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಮೊಬೈಲು ತೆಗೆದು ಭಜನಾ ಮಂದಿರದ ಮೆಟ್ಟಿಲಿಗೆ ಎಷ್ಟು ದೂರ ಎಂದು ಅಳೆದರು. ನೂರ ಎಂಟು ಮೀಟರ್. ಅಡುಗೆಮನೆ ನೋಡಿದರು, ಜೀವರಕ್ಷಕ ಜಾಕೆಟ್ ಎಣಿಸಿ ಒಂದನ್ನು ತಾವೇ ಹಾಕಿಕೊಂಡರು. ಕಪಾಟು ತೆರೆಸಿದರು. ಪರವಾನಗಿ ಸಿಗುವ ಮೊದಲು ಬಿಯರು ಇಡುವಂತಿಲ್ಲವಲ್ಲ, ಹಾಗಾಗಿ ಖಾಲಿ ಬಾಟಲಿಗಳಲ್ಲಿ ಪುನರ್ಪುಳಿ ಶರಬತ್ತು ತುಂಬಿಸಿ ಇಟ್ಟಿದ್ದೆ.

“ಈವತ್ತಿನ ಮಟ್ಟಿಗೆ ಶರಬತ್ತನ್ನೇ ಮದ್ಯ ಅಂತ ತಿಳ್ಕೋ ಅಂತ ಇವನಿಗೆ ಹೇಳಿದ್ದೇನೆ” ಎಂದು ನಮ್ಮವರು ಅಮಲ್ದಾರನ ಬೆನ್ನು ತಟ್ಟಿದರು. “ನೀವು ಒಂದು ಗ್ಲಾಸ್ ತೆಕೊಳ್ಳಿ ಸಾರ್. ಕಾನೂನು ಪ್ರಕಾರ ಕುಡಿಯುದು ಹೇಗೆ ಅಂತ ಇವ ತೋರಿಸ್ತಾನೆ.”

ಬಿಸಿಲು ಚೆನ್ನಾಗಿ ಏರಿತ್ತು. ಸಾಹೇಬರು ಬಾಯಾರಿದ್ದರು. ಅಮಲ್ದಾರ ಕಪಾಟು ತೆರೆಯಿತು, ನಾನು ಗ್ಲಾಸು ತುಂಬಿದೆ. ಅವರು ತುಟಿಗೆ ತಂದರು.

ಆ ಹೊತ್ತಿಗೆ ಭರತ ಶುರುವಾಯಿತು. ಸಮುದ್ರ ಹತ್ತಿರವಿರುವ ಹೊಳೆ ನಮ್ಮದು. ಇಳಿತದಲ್ಲಿ ನೀರು ಕಡಲಿನ ಕಡೆ ಹೋಗುತ್ತದೆ, ಭರತದಲ್ಲಿ ತಿರುಗಿ ಊರಿನ ಕಡೆ ಬರುತ್ತದೆ. ಲಂಗರು ಹಾಕಿದ ದೋಣಿ ಹಗ್ಗದ ತುದಿಯಲ್ಲಿ ಕಟ್ಟಿದ ಹಸುವಿನ ಹಾಗೆ ಒಮ್ಮೆ ಆ ಬದಿಗೆ, ಒಮ್ಮೆ ಈ ಬದಿಗೆ ಹೋಗಿ ನಿಲ್ಲುತ್ತದೆ. ಗಂಗಾಪ್ರಸಾದ ಮೆಲ್ಲಗೆ ತಿರುಗಿ ಭಜನಾ ಮಂದಿರದ ಕಡೆ ಸರಿಯಿತು.

“ತೊಂಬತ್ತಾರು ಮೀಟರ್” ಎಂದಿತು ಅಮಲ್ದಾರ. “ಸದರಿ ಗ್ಲಾಸನ್ನು ಕೆಳಗಿಡತಕ್ಕದ್ದು.”

ಪೈಪು ತಮ್ಮ ಕಡೆ ತಿರುಗಿದ್ದು ನೋಡಿ ಸಾಹೇಬರು ಗ್ಲಾಸು ಇಟ್ಟರು.

“ಲಂಗರು ಎತ್ತಿ ದೋಣಿಯನ್ನು ಸರಿಪಡಿಸತಕ್ಕದ್ದು” ಎಂದು ಅದು ತನಗೇ ಆಜ್ಞೆ ಮಾಡಿಕೊಂಡಿತು. ರಾಟೆ ಕಿರ್‍ರೆಂದು ತಿರುಗಿ ಲಂಗರು ಮೇಲೆ ಬಂತು. ಇಂಜಿನು ಕೆಮ್ಮಿ ಹೊರಟಿತು. ಸಾಹೇಬರು ಮತ್ತೆ ಗ್ಲಾಸಿಗೆ ಕೈ ಹಾಕಿದರು.

“ದೋಣಿಯು ಚಲಿಸುತ್ತಿರುವುದರಿಂದ ವಾಹನವಾಗಿರುತ್ತದೆ. ಕುಡಿಯತಕ್ಕದ್ದಲ್ಲ.”

ಸರಿಯಾಗಿ ನೂರು ಮೀಟರಿಗೆ ನಿಲ್ಲಿಸಿ ಲಂಗರು ಬಿಟ್ಟಿತು. ಒಂದು ಗೇಣು ಆಚೆ ಹೋಗಲಿಲ್ಲ, ಕಾನೂನಿನಲ್ಲಿ ನೂರು ಎಂದಿತ್ತಲ್ಲ. “ದೋಣಿಯು ಕಟ್ಟಡವಾಗಿರುತ್ತದೆ. ಕುಡಿಯಬಹುದು.” ಸಾಹೇಬರು ಗ್ಲಾಸು ಎತ್ತಿದರು. ಭರತ ಹಗ್ಗವನ್ನು ಎಳೆಯಿತು. “ತೊಂಬತ್ತನಾಲ್ಕು ಮೀಟರ್. ಕೆಳಗಿಡತಕ್ಕದ್ದು.”

ಹೀಗೆ ಐದು ಸಲ ಆಯಿತು. ಲಂಗರು ಇಳಿದಾಗ ಗ್ಲಾಸು ಮೇಲೆ, ಗ್ಲಾಸು ತುಟಿಗೆ ತಾಗುವಷ್ಟರಲ್ಲಿ ಲಂಗರು ಮೇಲೆ. ಕಟ್ಟಡ ವಾಹನವಾಯಿತು, ವಾಹನ ಕಟ್ಟಡವಾಯಿತು. ಸಾಹೇಬರ ಗಂಟಲಿಗೆ ಒಂದು ಹನಿ ಇಳಿಯಲಿಲ್ಲ. ನಮ್ಮವರು ಮಾತ್ರ ಹೆತ್ತ ಮಗ ಪದ್ಯ ಹೇಳುತ್ತಿದ್ದಾನೆ ಎನ್ನುವಂತೆ ನಗುತ್ತ ನಿಂತಿದ್ದರು. ನನ್ನ ಕಣ್ಣಿಗೆ ಗುಜರಿಯವನ ಲಾರಿ ಕಾಣತೊಡಗಿತು.

“ಇದನ್ನು ಬಂದ್ ಮಾಡಿ” ಎಂದೆ.

“ಬಂದ್ ಮಾಡುವ ಸ್ವಿಚ್ಚು ಇವನ ಒಳಗೆ ಉಂಟು. ಯಾರಾದರೂ ಕುಡುಕರು ಬಂದ್ ಮಾಡಿಬಿಟ್ಟರೆ ಅಂತ.”

“ತೆಗೆಯುದು ಹೇಗೆ?”

“ಅವ ತೆರೆದರೆ ತೆಗೆಯಬಹುದು.”

ಆರನೆಯ ಸಲ ಗ್ಲಾಸು ಕೆಳಗಿಟ್ಟಾಗ ಉಳ್ಳಾಗಡ್ಡಿ ಸಾಹೇಬರ ತಾಳ್ಮೆ ತಪ್ಪಿತು. ಎದ್ದು ನಿಂತರು. ನೀರಿನ ಹೆದರಿಕೆಯೂ ಮರೆತುಹೋಯಿತು. ಕಂಕುಳಿನ ಪುಸ್ತಕ ತೆಗೆದು ಅಮಲ್ದಾರನ ಕಣ್ಣೆದುರು ಆಡಿಸಿದರು.

“ಏ ಡಬ್ಬಿ, ನನಗ ಕಾನೂನು ಕಲಿಸಬ್ಯಾಡ. ಇಪ್ಪತ್ತೆರಡು ವರ್ಷ ಸರ್ವಿಸ್ ಆಗೈತಿ ನಂದು. ಈ ಕಾನೂನು ಏಪ್ರಿಲ್ ಒಂದನೇ ತಾರೀಖಿನಿಂದ ಅಮಲಿನ್ಯಾಗ ಐತಿ. ಹಗಲೂ ರಾತ್ರಿ ಅಮಲಿನ್ಯಾಗ ಐತಿ. ತಿಳೀತಿಲ್ಲೊ?”

ಅಮಲ್ದಾರನ ಮೂಗು ಪುಸ್ತಕದ ಕಡೆ ತಿರುಗಿತು. ಒಳಗೆ ಏನೋ ಗರಗರ ತಿರುಗಿತು.

“ಏಪ್ರಿಲ್ ಒಂದರಿಂದ ಇಂದಿಗೆ ಎಂಟು ತಿಂಗಳು. ಸದರಿ ಕಾನೂನು ಎಂಟು ತಿಂಗಳಿನಿಂದ ಹಗಲೂ ರಾತ್ರಿ ಅಮಲಿನಲ್ಲಿರುತ್ತದೆ. ಇಂತಹ ಕುಡಿತ ಈ ಯಂತ್ರದ ಅನುಭವದಲ್ಲಿ ಇಲ್ಲ.”

ನನಗೆ ಮೊದಲು ಅರ್ಥವಾಗಲಿಲ್ಲ. ನಮ್ಮವರ ಮುಖದ ನಗು ಇಳಿದದ್ದು ನೋಡಿ ಅರ್ಥವಾಯಿತು.

“ನೀವು ಇದಕ್ಕೆ ಅಮಲು ಅಂದ್ರೆ ಎಂತ ಅಂತ ಹೇಳಿ ಕೊಟ್ಟದ್ದು?”

“ಕುಡಿದ ನಶೆ ಅಂತ.”

“ಕಾನೂನು ಅಮಲಿಗೆ ಬರುದು, ಜಾರಿಗೆ ಬರುದು, ಆ ಅರ್ಥ?”

“ಅದು ಅವನ ಹೆಸರಿನಲ್ಲೇ ಉಂಟಲ್ಲ, ಗೊತ್ತಿರ್ತದೆ ಅಂತ ಮಾಡಿದೆ” ಎಂದರು ನಮ್ಮವರು.

ಪೈಪು ಎದ್ದಿತು. “ಅಮಲಿನಲ್ಲಿರುವ ಕಾನೂನಿಗೆ ತಣ್ಣೀರು ಹೊಯ್ಯತಕ್ಕದ್ದು.” ಕಾನೂನು ಸಾಹೇಬರ ಕೈಯಲ್ಲಿತ್ತು. ಅವರು ಅದನ್ನು ಕಾಪಾಡಲೆಂದು ಎದೆಗೆ ಅವುಚಿಕೊಂಡರು. ಹೊಯ್ಗೆ ಎಳೆಯುವ ಪಂಪು ಅದು, ಒಂದು ಕಾಲದಲ್ಲಿ ಹೊಳೆಯ ತಳವನ್ನೇ ಎಬ್ಬಿಸಿದ್ದು. ಅರ್ಧ ನಿಮಿಷ ಬಿಟ್ಟಿತು. ನೀರು ನಿಂತಾಗ ಸಾಹೇಬರ ಟೋಪಿ ಇರಲಿಲ್ಲ, ಕಿವಿಯಲ್ಲೊಂದು ಸೀಗಡಿ ಸಿಕ್ಕಿಕೊಂಡಿತ್ತು. ಘಟ್ಟದ ಮೇಲಿನ ಉಳ್ಳಾಗಡ್ಡಿ ನಮ್ಮ ಕರಾವಳಿಗೆ ಬಂದು ನೀರುಳ್ಳಿಯಾಗಿತ್ತು.

“ಅಮಲು ಇಳಿಯಿತೇ?” ಎಂದು ಕೇಳಿತು ಅಮಲ್ದಾರ.

ಇಲ್ಲಿ ಸಾಹೇಬರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಆ ಸ್ಥಿತಿಯಲ್ಲೂ ಅವರು ಇಲಾಖೆಯ ಮರ್ಯಾದೆ ಬಿಡಲಿಲ್ಲ. “ಕಾನೂನು ಯಾವತ್ತಿದ್ರೂ ಅಮಲಿನ್ಯಾಗ ಇರತೈತಿ” ಎಂದರು, ನಡುಗುತ್ತಲೇ. ಮತ್ತೊಂದು ಅರ್ಧ ನಿಮಿಷ ನೀರು ಬಂತು.

“ಸದರಿ ಕಾನೂನು ಖಾಯಂ ಕುಡುಕ” ಎಂದು ಅಮಲ್ದಾರ ಘೋಷಿಸಿತು.

ಸಾಹೇಬರು ಪಾತಿದೋಣಿಯ ಕಡೆ ಓಡಿದರು. ಗೇಟು ಢಣಾರೆಂದು ಮುಚ್ಚಿತು. “ಅಮಲಿನಲ್ಲಿರುವವರನ್ನು ನೀರಿಗೆ ಇಳಿಸತಕ್ಕದ್ದಲ್ಲ. ಮುಳುಗುವ ಸಂಭವವಿರುತ್ತದೆ.”

“ಅಮಲು ಇರೋದು ಪುಸ್ತಕಕ್ಕ, ನನಗಲ್ಲ. ಪುಸ್ತಕ ಇಲ್ಲೇ ಬಿಟ್ಟು ಹೋಗತೇನಿ, ಆತಿಲ್ಲೊ?”

“ಕುಡಿದವರನ್ನು ನಡುನೀರಿನಲ್ಲಿ ಬಿಟ್ಟು ಹೋಗತಕ್ಕದ್ದಲ್ಲ. ಜೊತೆಗೆ ಬಂದವರೇ ಮನೆಗೆ ಕರೆದೊಯ್ಯತಕ್ಕದ್ದು.” ಈ ನಿಯಮ ಪುಸ್ತಕದಲ್ಲಿರಲಿಲ್ಲ. ನಮ್ಮವರು ಕರುಣೆಯಿಂದ ಸೇರಿಸಿದ್ದು.

ಸಾಹೇಬರು ಬೆಂಚಿನ ಮೇಲೆ ಕುಸಿದು ಕೂತು ಹಲ್ಲು ಕಟಕಟ ಮಾಡತೊಡಗಿದರು. ಅತ್ತೆಗೆ ಪಾಪ ಅನಿಸಿತು. ಸೆರಗಿನಡಿಯಿಂದ ಅರಿಷ್ಟದ ಬಾಟಲಿ ತೆಗೆದು, “ಶೀತ ಆಗ್ತದೆ ಮಗಾ, ಒಂದೇ ಗುಕ್ಕಿಗೆ ಕುಡಿ” ಎಂದು ಆರು ಮುಚ್ಚಳ ಕುಡಿಸಿಬಿಟ್ಟರು. ನಾನು ಬೇಡ ಎನ್ನುವ ಮೊದಲೇ ಮೂಗು ತಿರುಗಿತು. ಸ್ಕ್ರೂ ಎರಡು ಸುತ್ತು ಸಡಿಲವಾಗಿದ್ದರೂ ವಾಸನೆ ಹತ್ತಿತು.

“ಕಾನೂನಿನ ಸಹವಾಸದಿಂದ ಸದರಿ ಅಧಿಕಾರಿಯೂ ಕೆಟ್ಟಿರುತ್ತಾರೆ.”

ಮೂರನೇ ಸ್ನಾನ. ಈ ಸಲ ಅತ್ತೆಯೂ ಪಾಲು ಪಡೆದರು.

ನಮ್ಮವರು ಸ್ಪಾನರು ಹಿಡಿದು ಅಮಲ್ದಾರನ ಸುತ್ತ ತಿರುಗುತ್ತಿದ್ದರು. ಎಲ್ಲಿ ಕೈ ಹಾಕಿದರೂ ಪೈಪು ಅವರನ್ನೇ ನೋಡುತ್ತಿತ್ತು. ಇದು ಇಂಜಿನಿಯರಿಂಗ್ ಸಮಸ್ಯೆ ಅಲ್ಲ ಎಂದು ನನಗೆ ಹೊಳೆಯಿತು. ಕುಡುಕ ಗಂಡನನ್ನು ಬಿಡಿಸಿಕೊಂಡು ಬರಲು ಠಾಣೆಗೆ ಹೋದ ಹೆಂಗಸರನ್ನು ನಾನು ನೋಡಿದ್ದೇನೆ. ಅವರು ಅಲ್ಲಿ ತರ್ಕ ಮಾಡುವುದಿಲ್ಲ.

“ಸಾರ್, ಒಂದು ಮಾತು ಹೇಳಿಬಿಡಿ. ಕಾನೂನು ಅಮಲಿನಲ್ಲಿ ಇಲ್ಲ ಅಂತ.”

“ಏನಂತೀರಿ ಯಮ್ಮಾ? ಅಬಕಾರಿ ಇನ್ಸ್‌ಪೆಕ್ಟರ್ ಆಗಿ ನಾನು ಆ ಮಾತು ಆಡಬಹುದೇನು?”

“ಹಾಗಾದರೆ ಇಲ್ಲೇ ಇರಿ. ಭರತ ಸಂಜೆವರೆಗೆ ಉಂಟು. ಹೊಳೆಯಲ್ಲಿ ನೀರಿಗೆ ಕೊರತೆ ಇಲ್ಲ.”

ಅವರು ಪೈಪನ್ನು ನೋಡಿದರು, ಹೊಳೆಯನ್ನು ನೋಡಿದರು. ಕಣ್ಣು ಮುಚ್ಚಿ, “ಕಾನೂನು ಅಮಲಿನ್ಯಾಗ ಇಲ್ಲ” ಎಂದರು. ದನಿ ಅಳುವಂತಿತ್ತು.

“ಕುಡಿದವರೆಲ್ಲರೂ ಇದನ್ನೇ ಹೇಳುತ್ತಾರೆ” ಎಂದಿತು ಅಮಲ್ದಾರ. “ಬಾಯಿಮಾತು ನಡೆಯುವುದಿಲ್ಲ. ಲಿಖಿತವಾಗಿ, ಸಹಿ ಮತ್ತು ಮೊಹರಿನೊಂದಿಗೆ ಸಲ್ಲಿಸತಕ್ಕದ್ದು.”

ಚರ್ಮದ ಚೀಲದೊಳಗೆ ಕಾಗದ ಒಣಗಿಯೇ ಇತ್ತು, ಮೊಹರೂ ಇತ್ತು. ಸಾಹೇಬರು ಬರೆದರು: “ಗಂಗಾಪ್ರಸಾದ ಎಂಬ ಈ ದೋಣಿಯಲ್ಲಿ ಮದ್ಯ ಕಾನೂನು ಅಮಲಿನಲ್ಲಿ ಇರುವುದಿಲ್ಲ.” ಕೆಳಗೆ ಸಹಿ ಮಾಡಿದರು. ಮೊಹರು ಒತ್ತಿದರು. ನಾನು ಕಾಗದವನ್ನು ಅಮಲ್ದಾರನ ಕಣ್ಣಿಗೆ ಹಿಡಿದೆ. ಅದು ಎಡದ ಕಣ್ಣಿನಿಂದ ಒಮ್ಮೆ, ಬಲದ ಕಣ್ಣಿನಿಂದ ಒಮ್ಮೆ ಓದಿತು.

“ದಾಖಲೆ ಕ್ರಮಬದ್ಧವಾಗಿದೆ. ಕಾನೂನಿನ ಅಮಲು ಇಳಿದಿರುತ್ತದೆ” ಎಂದಿತು. ನಾವು ನಾಲ್ವರೂ ಉಸಿರು ಬಿಟ್ಟೆವು. ಅಷ್ಟರಲ್ಲಿ ಅದರೊಳಗೆ ಮತ್ತೆ ಗರಗರ ಶುರುವಾಯಿತು. “ಆದರೆ ಇಷ್ಟು ದಿನ ಅಮಲಿನಲ್ಲಿ ಹೇಳಿದ ಮಾತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ. ಆದ್ದರಿಂದ ನೂರು ಮೀಟರ್ ರದ್ದು. ಕಪಾಟು ರದ್ದು. ಲಂಗರು ರದ್ದು.”

ಕಪಾಟು, ಗೇಟು, ಗ್ಯಾಸಿನ ಗೂಡು, ಕೋಳಿಯ ಪಂಜರ, ಬೀಗ ಇದ್ದದ್ದೆಲ್ಲ ಒಮ್ಮೆಗೇ ತೆರೆದವು. ಲಂಗರು ಮೇಲೆ ಬಂತು. ಇಂಜಿನು ನಿಂತಿತು. ಗಂಗಾಪ್ರಸಾದ ಸ್ವತಂತ್ರವಾಗಿ ಭರತದ ಮೇಲೆ ತೇಲತೊಡಗಿತು. ತೊಂಬತ್ತು, ಎಂಬತ್ತು, ಅರವತ್ತು. ನಾನು ಜಲ್ಲೆ ಊರಿ ತಡೆಯಲು ನೋಡಿದೆ, ಅಷ್ಟು ದೊಡ್ಡ ದೋಣಿ ಒಬ್ಬಳ ಜಲ್ಲೆಗೆ ಬಗ್ಗುತ್ತದೆಯೇ? ಕೊನೆಗೆ ದೋಣಿಯ ಮೂತಿ ಭಜನಾ ಮಂದಿರದ ಕೆಳಗಿನ ಮೆಟ್ಟಿಲಿಗೆ ಹೋಗಿ ಮೆತ್ತಗೆ ತಾಗಿತು.

“ಸೊನ್ನೆ ಮೀಟರ್” ಎಂದಿತು ಅಮಲ್ದಾರ. “ಕುಡಿಯಬಹುದು.”

ಮೆಟ್ಟಿಲ ಮೇಲೆ ಮಹಿಳಾ ಭಜನಾ ಮಂಡಳಿಯವರು ತಾಳ ಹಿಡಿದು ಕೂತಿದ್ದರು. ಅವರು ನೋಡಿದ್ದು ಇಷ್ಟು: ಬಾಗಿಲು ತೆರೆದ ಬಾಟಲಿ ಕಪಾಟು, ಕೆಂಪಗಿನ ಗ್ಲಾಸು, ಒದ್ದೆಯಾದ ಅತ್ತೆ, ಮೂರು ಕೋಳಿ. ಉಳ್ಳಾಗಡ್ಡಿ ಸಾಹೇಬರು ದೋಣಿಯಿಂದ ಹಾರಿ ಗಟ್ಟಿ ನೆಲ ಮುಟ್ಟಿದರು, ಸಂತೋಷಕ್ಕೆ ಅಲ್ಲೇ ಮೆಟ್ಟಿಲ ಮೇಲೆ ಉದ್ದಂಡ ಬಿದ್ದರು. ಒದ್ದೆ ಬಟ್ಟೆಯಲ್ಲಿ ಸಾಷ್ಟಾಂಗ. ಮಂಡಳಿಯ ಅಧ್ಯಕ್ಷೆ ಕೈ ಮುಗಿದು, “ಹೊಸ ಇನ್ಸ್‌ಪೆಕ್ಟರಿಗೆ ಭಾರಿ ಭಕ್ತಿ” ಎಂದರು. ಸಾಹೇಬರಿಗೆ ಪ್ರಸಾದ ಕೊಟ್ಟರು. ಅವತ್ತು ಅವರ ಬಾಯಿಗೆ ನೆಮ್ಮದಿಯಿಂದ ಬಿದ್ದದ್ದು ಅದೊಂದೇ.

ಕಾಗದ ನನ್ನ ಕೈಯಲ್ಲೇ ಉಳಿದಿತ್ತು. ಸಂಜೆ ನಮ್ಮವರು ಅದನ್ನು ಮೂರು ಸಲ ಓದಿ, “ಇದಕ್ಕೆ ಗಾಜಿನ ಕಟ್ಟು ಹಾಕಿಸುವ. ಇನ್ನು ನಮಗೆ ಪರವಾನಗಿಯೇ ಬೇಡ” ಎಂದರು. ನಾನು ಅದನ್ನು ಅವರ ಕೈಯಿಂದ ಕಸಿದು ಅಕ್ಕಿ ಡಬ್ಬದೊಳಗೆ ಇಟ್ಟೆ. ನಿಜ ಹೇಳಬೇಕೆಂದರೆ ಆ ರಾತ್ರಿ ನನಗೂ ಆಸೆಯಾಯಿತು. ಬೆಳಿಗ್ಗೆ ಎದ್ದಾಗ ಹೆದರಿಕೆಯಾಯಿತು. ಗುಜರಿಯವನ ಫೋನು ಬಂತು, ಎತ್ತಲಿಲ್ಲ.

ಮಧ್ಯಾಹ್ನ ಸಾಹೇಬರೇ ಬಂದರು. ಮೂಗು ಕೆಂಪಗಿತ್ತು. ನಿಯಮ ಪುಸ್ತಕ ಒಣಗಿ ಕುಡುಕರ ಮುಖದ ಹಾಗೆ ಉಬ್ಬಿಕೊಂಡಿತ್ತು.

“ಯಮ್ಮಾ, ಆ ಕಾಗದ ಕೊಟ್ಟುಬಿಡ್ರಿ. ಯಾರಾರ ನೋಡಿದ್ರ ನನ್ನ ನೌಕರಿ ಹೋಗತೈತಿ.”

“ಯಾವ ಕಾಗದ ಸಾರ್?”

ಅವರನ್ನು ಒಳಗೆ ಕರೆದೆ. ಕೂರಿಸಿ ಬಂಗುಡೆ ಬಡಿಸಿದೆ. ಅಕ್ಕಿ ಡಬ್ಬದಿಂದ ಕಾಗದ ತೆಗೆದು, ಅವರೆದುರಿಗೆ ಗಟ್ಟಿಯಾಗಿ, ನಿಧಾನವಾಗಿ, ಎರಡು ಸಲ ಓದಿದೆ. ಮೊಹರಿನ ಅಕ್ಷರವನ್ನೂ ಬಿಡಲಿಲ್ಲ. ಆಮೇಲೆ ಅವರ ಕೈಗೆ ಕೊಟ್ಟೆ. ಒಬ್ಬರ ಅನ್ನಕ್ಕೆ ಕಲ್ಲು ಹಾಕಿ ನನ್ನ ದೋಣಿ ನಿಲ್ಲಬೇಕಾಗಿಲ್ಲ ಎಂದು ಅನಿಸಿತ್ತು.

ಅವರು ಅದನ್ನು ಸಣ್ಣಸಣ್ಣ ಚೂರು ಮಾಡಿ ಹೊಳೆಗೆ ಬಿಟ್ಟರು. ಆಮೇಲೆ ಕೈ ತೊಳೆದು ಉಬ್ಬಿದ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿದರು.

“ಇಲ್ನೋಡ್ರಿ. ದೂರ ಅಳೀಬೇಕಾದ್ದು ದೋಣಿಯಿಂದ ಅಲ್ಲ. ಲಂಗರು ಬಿದ್ದ ಜಾಗದಿಂದ ಅಂತ ಐತಿ. ನಿನ್ನೆ ದೋಣಿ ಆ ಕಡಿಗೆ ನೂರ ಎಂಟು, ಈ ಕಡಿಗೆ ತೊಂಬತ್ತಾರು, ಅಂದ್ರ ಮುಂಜಾನೆ ನಿಮ್ಮ ಲಂಗರು ಇದ್ದದ್ದು ನಡುವ ನೂರ ಎರಡರಾಗ. ದೋಣಿ ಎತ್ತ ತಿರುಗಿದ್ರೂ ಲಂಗರು ತಿರುಗಂಗಿಲ್ಲ. ಅರ್ಜಿಗೆ ಏನೂ ತಕರಾರಿಲ್ಲ.”

“ಹಾಗಾದರೆ ಅದು ಅಷ್ಟು ಸಲ ಲಂಗರು ಎತ್ತಿದ್ದು?”

“ನಿಮ್ಮ ಯಜಮಾನರು ಆ ಹಾಳಿ ಓದಿಲ್ಲ” ಎಂದರು ಸಾಹೇಬರು.

ನಾನು ನಮ್ಮವರ ಕಡೆ ನೋಡಿದೆ. ಅವರು ಹೊಳೆಯ ಕಡೆ ನೋಡುತ್ತಿದ್ದರು.

ಎಂಟನೇ ದಿನ ಪರವಾನಗಿ ಬಂತು. ಅತ್ತೆ, ನಮ್ಮವರು, ನಾನು ದೋಣಿಯಲ್ಲಿ ಕೂತು ಗಟ್ಟಿಯಾಗಿ ಓದಿದೆವು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಬೀಗಗಳೆಲ್ಲ ತೆರೆದ ದಿನವೇ ಅಮಲ್ದಾರನ ಒಳಗಿನ ಸ್ವಿಚ್ಚು ಆರಿಸಿ, ಕರೆಂಟು ತೆಗೆದು ಮೂಲೆಯಲ್ಲಿ ನಿಲ್ಲಿಸಿದ್ದೆವು. ಕಿವಿಗೂ ಪೈಪಿಗೂ ಮಾತ್ರ ಬೇರೆ ಬ್ಯಾಟರಿ ಇದೆ ಎಂದು ನಮ್ಮವರು ಆಗ ಹೇಳಿದರು. ಪರವಾನಗಿಯ ಕೊನೆಯ ಸಾಲು “ಈ ಪರವಾನಗಿಯು ಇಂದಿನಿಂದಲೇ” ಎಂದು ಶುರುವಾಗುತ್ತದೆ. ಅದರ ಮುಂದಿನ ಎರಡು ಶಬ್ದಗಳನ್ನು ನಾನು ಮನಸ್ಸಿನಲ್ಲೇ ಓದಿಕೊಂಡೆ.